ತಾಳು

ಬಾಲಿಕ್ಚಿಯಲ್ಲಿ ಗಾಳಿಗೆ ಎರಡು ಹೆಸರು:
ಪಡುವಣದ್ದು ಉಲಾನ್, ಮೂಡಣದ್ದು ಸಂತಾಶ್.
ಎರಡೂ ಜಗಳಕ್ಕೆ ನಿಲ್ಲುವ ಜಾಗದಲ್ಲೇ ನನ್ನ ಶೆಡ್ಡು.
ಬಾಗಿಲಿಗೆ ಲಾರಿ ಟೈರು ಆನಿಸಿಟ್ಟರೂ
ಸ್ಕ್ರೂ ಡಬ್ಬಿಯೊಳಗೆ ಸರೋವರದ ಮರಳು.

ಏಪ್ರಿಲಿನಲ್ಲಿ ಬಂದಳು ಸೈರಾಗುಲ್,
ತೊಂಬತ್ತಾರರ ಪಜೆರೋ ತಂದು.
ಕುರಿ ದನದ ಡಾಕ್ಟರು. ಬೂಟಿನ ತುಂಬ ಕೊಟ್ಟಿಗೆ.
ಲಸಿಕೆ ಚೀಟಿಯ ಬೆನ್ನಿಗೆ ಬರೆದ ಪಟ್ಟಿ:
ಹಿಂದುಗಡೆ ಫ್ರಿಜ್ಜು, ಮುಂದುಗಡೆ ಬಿಸಿಯಾಗುವ ಸೀಟು,
ನಸುಕಿನ ಚಳಿಗೆ ಎಂಜಿನ್ನು ತಾನೇ ಕಾದಿರಬೇಕು,
ಎಡಕ್ಕೊಂದು ಕ್ಯಾಮೆರಾ.
ಕೊನೆಯದರ ಕೆಳಗೆ ಎರಡು ಗೆರೆ.

"ಮುದುಕಿಗೆ ಇಷ್ಟು ಸಿಂಗಾರ ಯಾಕೆ?" ಅಂದೆ.
"ಮುದುಕಿಗೇ ಬೇಕು. ಹುಡುಗಿಯರಿಗೆ ಎಲ್ಲಿಯ ಚಳಿ?"

ಜಪಾನಿನ ಗಾಡಿ, ಸ್ಟಿಯರಿಂಗು ಬಲಕ್ಕೆ;
ನಮ್ಮ ರಸ್ತೆಯಲ್ಲಿ ಎಲ್ಲರೂ ಬಲಕ್ಕೇ ಓಡಿಸುವವರು.
ಮುಂದಿನ ಲಾರಿಯ ಬೆನ್ನಿಗೆ ಮೂಗು ಹಚ್ಚಿ ಕೂತವಳಿಗೆ
ಎದುರು ಬರುವುದು ಯಾವುದೂ ಕಾಣದು.
ಎಡಗಡೆ ಕೂತವರು ಕತ್ತು ಚಾಚಿ ಹೇಳಬೇಕು:
ಹೋಗು.
ಇಲ್ಲವೇ, ತಾಳು.
ಹನ್ನೊಂದು ವರ್ಷ ಹಾಗೆ ಹೇಳಿದವನು ಜಪಾರ್‌ಕುಲ್.
ಈಗ ಅವನು ಎಕಟೆರಿನ್‌ಬರ್ಗಿನಲ್ಲಿ,
ಎಡಕ್ಕೆ ಸ್ಟಿಯರಿಂಗಿರುವ ಟ್ಯಾಕ್ಸಿಯಲ್ಲಿ,
ಯಾರ ಕಣ್ಣೂ ಬೇಕಿಲ್ಲದೆ.
ಇದನ್ನು ಅವಳು ಹೇಳಲಿಲ್ಲ, ಊರು ಹೇಳಿತು;
ಇಲ್ಲಿ ಗಾಳಿಗಿಂತ ಮಾತು ಮುಂಚೆ ಬರುತ್ತದೆ.

ಡ್ಯಾಶ್‌ಬೋರ್ಡು ಬಿಚ್ಚಿದೆ. ಒಳಗೆ
ಸೂರ್ಯಕಾಂತಿ ಬೀಜದ ಸಿಪ್ಪೆ, ತೂತಿನ ಐದು ಯೆನ್,
ಒಂದು ಗಂಡಸಿನ ಬಾಚಣಿಗೆ.
ಒರೆಸಿ ಬಾಗಿಲ ಜೇಬಿನಲ್ಲಿಟ್ಟೆ.
ಮಾರನೆಯ ದಿನ ಅಲ್ಲಿರಲಿಲ್ಲ.

ಬೂಮ್ ಕಣಿವೆಯಲ್ಲಿ ಮಗುಚಿದ ಲೆಕ್ಸಸ್ಸಿನಿಂದ
ಸೀಟಿನ ಬಿಸಿಹಾಸು ಕಿತ್ತು ತಂದೆ, ಜೋಡಿ.
ಎರಡನೇ ಬ್ಯಾಟರಿ ಕೂರಿಸಿ ತಂತಿ ಎಳೆದೆ:
ಅದೇ ಕರೆಂಟು ಇಲ್ಲಿ ಅವಳ ಸೊಂಟಕ್ಕೆ ಬಿಸಿ,
ಅಲ್ಲಿ ಲಸಿಕೆಗೆ ತಂಪು.
ತಂತಿಗೇನು, ಕೇಳಿದಷ್ಟು ಕೊಡುತ್ತದೆ.
"ಎಡ ಸೀಟಿಗೂ ಹಾಕಲೇ?"
"ಅಲ್ಲಿ ಔಷಧಿಯ ಚೀಲ ಕೂರುತ್ತದೆ.
ಅದಕ್ಕೆ ಚಳಿಯಾಗುವುದಿಲ್ಲ."

ಕೀಲಿ ತಿರುಗಿಸಿದರೆ ಎಲ್ಲಿಂದಲೋ ಒಬ್ಬಳು
ಜಪಾನಿಯಲ್ಲಿ ವಿನಯವಾಗಿ ಏನೋ ಹೇಳುತ್ತಾಳೆ.
ಟೋಲಿನ ಕಾರ್ಡು ಹಾಕಿಲ್ಲ ಅಂತಂತೆ.
ಇಪ್ಪತ್ತು ವರ್ಷವಾಯಿತು, ಬೇಸರವಿಲ್ಲ ಅವಳಿಗೆ.
ಕತ್ತರಿಸಲು ಹೋದರೆ ಸೈರಾಗುಲ್ ಕೈ ಹಿಡಿದಳು:
"ಅವಳಿರಲಿ. ಬೆಳಗಾಗೆದ್ದು ಯಾರಾದರೂ ಮಾತಾಡಲಿ."

ಪರೀಕ್ಷೆಗೆ ಕೊಚ್ಕೋರಿನ ದಾರಿ ಹಿಡಿದೆವು.
ಚೀಲ ಹಿಂದಕ್ಕೆ ಹೋಯಿತು, ಎಡಗಡೆ ನಾನು.
ಮುಂದೆ ಕಾರಾಕೆಚೆಯ ಕಲ್ಲಿದ್ದಲ ಲಾರಿ,
ಕರಿ ಹುಡಿ ಉದುರಿಸುತ್ತ, ಮದುವೆ ಮೆರವಣಿಗೆಯ ಗತ್ತು.
ಅವಳು ಪರದೆ ನೋಡಿದಳು. ಇಂಡಿಕೇಟರು ಹಾಕಿದಳು.
ಪರದೆಯಲ್ಲಿ ಎದುರಿನ ಟ್ಯಾಂಕರು ಹೆಬ್ಬೆರಳಿನ ಉಗುರಷ್ಟು, ದೂರ.
ಕಿಟಕಿಯಲ್ಲಿ ಟ್ಯಾಂಕರೇ ಇತ್ತು.

"ತಾಳು!"

ನನ್ನ ದನಿ ನನ್ನದೇ ಅನಿಸಲಿಲ್ಲ.
ಟ್ಯಾಂಕರು ಹೋಯಿತು, ಗಾಡಿ ಒಮ್ಮೆ ತೊನೆದು ನಿಂತಿತು.
ಅವಳು ನನ್ನತ್ತ ತಿರುಗಲಿಲ್ಲ.
ಬಹಳ ಹೊತ್ತಿನ ಮೇಲೆ, ರಸ್ತೆಗೇ ಹೇಳುವ ಹಾಗೆ:
"ಈ ಕ್ಯಾಮೆರಾ ಎಷ್ಟು ದಿನ ತಾಳುತ್ತದೆ?"
"ಮೂರು ಚಳಿಗಾಲ. ಗಾಜು ಬದಲಾಯಿಸಿ ಕೊಡುತ್ತೇನೆ,
ಇದು ದೂರವನ್ನು ಹೆಚ್ಚು ಹೇಳುತ್ತಿದೆ."
"ಹೌದು," ಅಂದಳು, "ಹೆಚ್ಚು ಹೇಳುತ್ತದೆ."

ಗಾಜು ಬದಲಾಯಿಸಿದೆ. ದುಡ್ಡು ಎಣಿಸಿ ಕೊಟ್ಟಳು, ಮೇಲೊಂದು ಗಡಿಗೆ ಕುಮಿಸ್
ಮೇ ತಿಂಗಳಲ್ಲಿ ಕೊಡುವ ಮಾತು.
ಉಳಿದ ಬಿಸಿಹಾಸು ಮೊಳೆಗೆ ತೂಗಿದೆ ಇನ್ನೂ.

ತಿರುವಿನ ತನಕ ನೋಡಿದೆ.
ಇನ್ನೊಂದು ಕಲ್ಲಿದ್ದಲ ಲಾರಿಯ ಹಿಂದೆ ಅವಳ ಬ್ರೇಕಿನ ದೀಪ
ಹೊತ್ತಿಕೊಂಡಿತು, ಹೊತ್ತಿಕೊಂಡೇ ಇತ್ತು;
ಧೂಳಿನಲ್ಲಿ ಎರಡು ಕೆಂಪು ಚುಕ್ಕೆ.
ಆಮೇಲೆ ಆರಿತು.
ಹೋದಳು.