ಎಡಗೈ ತಟ್ಟೆ

ಕೇಕು ಚೆನ್ನಾಗಿಯೇ ಬಂದಿತ್ತು.
ಕೆಟ್ಟಿತು ಅಂತ ಸುಳ್ಳು ಹೇಳಿದೆ.

ಬುಧವಾರ. ಎಸ್‌ಬ್ಯಾರ್ಗ್ ಬಂದರಿನ ಗಾಳಿ
ಹಿಂಬಾಗಿಲ ಚಿಲಕ ಹಿಡಿದು ಜಗ್ಗುತ್ತಿತ್ತು.
ಕೇಕನ್ನು ತಣಿಯಲು ಬಿಟ್ಟು
ಬಿಸಿ ಆರಿತೇ ಎಂದು ಅದರ ಬೆನ್ನ ಮೇಲೆ ಅಂಗೈ ಇಟ್ಟು ನೋಡಿ
ಆಮೇಲೆ ಎರಡೂ ಕೈಯಿಂದ ಮುರಿದೆ.

"ಒಣಗಿ ಹೋಯ್ತು ಐನರ್, ಇನ್ನಿದು ಉಂಡೆಗೇ ಲಾಯಕ್ಕು.
ಬಾ, ನನ್ನೊಬ್ಬಳ ಕೈಲಿ ಆಗೋದಿಲ್ಲ."

ಮೂವತ್ತೊಂದು ವರ್ಷ ಕ್ರೇನು ನಡೆಸಿದವನು.
ಗಾಳಿಯಂತ್ರದ ರೆಕ್ಕೆಗಳನ್ನು,
ಒಂದೊಂದೂ ನಮ್ಮ ಚರ್ಚಿನ ಗೋಪುರಕ್ಕಿಂತ ಉದ್ದ,
ಎರಡೇ ಬೆರಳಲ್ಲಿ ಹಿಡಿಕೆ ಮೀಟಿ
ಹಡಗಿನ ಮೇಲೆ ಮಲಗಿಸುತ್ತಿದ್ದ,
ಕೆಳಗಿದ್ದವರಿಗೆ ಸದ್ದೂ ಕೇಳಿಸದಂತೆ.
ಈಗ ಅಂಗಿಯ ಗುಂಡಿ ಅವನಿಗೆ ಬಗ್ಗುವುದಿಲ್ಲ.
ಮಾರ್ಚಿನ ಒಂದು ಬೆಳಗ್ಗೆ
ತಲೆಯೊಳಗೆ ಸಾಸಿವೆಯಷ್ಟು ರಕ್ತ ಹೆಪ್ಪುಗಟ್ಟಿತು;
ಅಷ್ಟಕ್ಕೇ ಎಡಗೈ ಬೇರೆ ಮನೆ ಮಾಡಿಕೊಂಡಿತು.

ಆಸ್ಪತ್ರೆಯಿಂದ ಬರುವ ಹುಡುಗಿ ಸಿಸೆಲ್
ಹಳದಿ ರಬ್ಬರಿನ ಮುದ್ದೆ ಕೊಟ್ಟು ಹೋಗಿದ್ದಳು:
ದಿನಕ್ಕೆ ಮೂರು ಸಲ ಹಿಸುಕಿ, ಉರುಟಿಸಿ.
ಅದನ್ನವನು ಕಿಟಕಿಯ ಸಂದಿಗೆ ಮೆತ್ತಿಬಿಟ್ಟ.
ಅಲ್ಲಿಂದ ಗಾಳಿ ಬರುವುದು ನಿಂತಿತು,
ಸುಳ್ಳೇಕೆ ಹೇಳಲಿ, ಅಷ್ಟು ಉಪಯೋಗವಾಯಿತು.

ಪುಡಿಗೆ ಬೆಣ್ಣೆ, ಕೋಕೋ, ರಾಸ್ಪ್‌ಬೆರಿ ಜಾಮು ಮೂರು ಚಮಚ.
ರಮ್ಮಿನ ಅಳತೆ ಕೇಳಬೇಡಿ, ಸೀಸೆ ತಾನೇ ಬಗ್ಗಿತು.
ಹದ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ:
ಮೊದಲು ತರಗೆಲೆ ತುಳಿದ ಸದ್ದು,
ಆಮೇಲೆ ಒದ್ದೆ ಮರಳಿನದು,
ಆಮೇಲೆ ಸದ್ದೇ ಇಲ್ಲ.
ಆಗ ಕಟ್ಟಬೇಕು ಉಂಡೆ, ಒಂದು ತುತ್ತಿನಷ್ಟು.

ನನಗೊಂದು ತಟ್ಟೆ, ಅವನಿಗೊಂದು.
ಅವನಾಗಿಯೇ ಬಲಗೈಯನ್ನು
ಬೆಲ್ಟಿಗೆ ಸಿಕ್ಕಿಸಿಕೊಂಡು ನಿಂತ.
ನಾನು ನೋಡಲಿಲ್ಲ. ಕೊಬ್ಬರಿ ತುರಿಯ ಪೊಟ್ಟಣ ಹುಡುಕುತ್ತಿದ್ದೆ,
ಅದು ನನ್ನ ಎದುರೇ ಇತ್ತು.

ಮೊದಲನೆಯದು ಬೆರಳ ಸಂದಿಯಿಂದ ಹೊರಬಂತು.
ಎರಡನೆಯದು ಧೊಪ್ಪನೆ ನೆಲಕ್ಕೆ ಬಿದ್ದು
ಬಿದ್ದಲ್ಲೇ ಕೂತಿತು, ಕೆಸರಿನ ಹೆಂಟೆಯ ಹಾಗೆ.
ಒಂದು ಬೈಗುಳ, ಬಂದರಿನದು, ಇಲ್ಲಿ ಬರೆಯಲಾರೆ.
ನಾಲ್ಕನೆಯದಕ್ಕೆ ತಕ್ಕಡಿ ಕೇಳಿದ.

ಹದಿನೆಂಟು ಗ್ರಾಂ. ಮೂವತ್ತೊಂದು. ಒಂಬತ್ತು.
"ಭಾರ ಸಮ ಇಲ್ಲ," ಎಂದ.
ಆ ದನಿ ಎಷ್ಟೋ ತಿಂಗಳಿಂದ ಮನೆಯಲ್ಲಿರಲಿಲ್ಲ.
ಎಲ್ಲವನ್ನೂ ಮತ್ತೆ ಕಲಸಿ, ಚಿವುಟಿ, ತೂಗಿ,
ಹಲಗೆಗೆ ಒತ್ತಿ ಸುತ್ತಿಸಿ ಸುತ್ತಿಸಿ
ನಾನು ಇಪ್ಪತ್ತಾರು ಮುಗಿಸಿ ಕೈ ತೊಳೆದಾಗ
ಅವನದು ಏಳು.
ಏಳಕ್ಕೂ ಬೇರೆ ಬೇರೆ ಮುಖ.

"ಕೇಕು ಒಣಗಿರಲಿಲ್ಲ," ಎಂದ, ತಲೆಯೆತ್ತದೆ.
"ನಿನಗೆ ಸುಳ್ಳು ಹೇಳೋಕೆ ಬರೋದಿಲ್ಲ ಬೋಡಿಲ್."
ಬರುತ್ತೆ, ಎಂದೆ.
ನಲವತ್ತು ವರ್ಷದಿಂದ
ನಿನ್ನ ಮೀನಿನ ಸಾರು ಚೆನ್ನಾಗಿದೆ ಅಂತಿದ್ದೀನಿ.

ನಕ್ಕಾಗ ಅವನ ಬಾಯಿ ಒಂದೇ ಕಡೆ ಏಳುತ್ತದೆ.
ಇನ್ನೊಂದು ಕಡೆಯದನ್ನು ನಾನು ನೆನಪಿನಿಂದ ತುಂಬಿಕೊಂಡೆ.

ಮರುದಿನ ಸಿಸೆಲ್ ಬಂದಳು, ಕೋಟಿನ ತುಂಬ ಮಳೆ.
ರಬ್ಬರು ಎಲ್ಲಿ ಎಂದಳು. ಕಿಟಕಿ ತೋರಿಸಿದೆ.
ಅವಳು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ
ಐನರ್ ತನ್ನ ತಟ್ಟೆಯಿಂದ ಏಳನೆಯದನ್ನು,
ಎಡಗೈಯಲ್ಲೇ,
ಎತ್ತಿ ಮೇಜಿನಾಚೆ ಚಾಚಿದ.
ಭುಜ ನಡುಗಿತು, ಮೊಣಕೈ ನಡುಗಿತು,
ಅವಳು ಕೈಯೊಡ್ಡುವ ಮುಂಚೆ
ಜಾರಿತು.

ಬಿತ್ತು, ಆದರೆ ಕೂರಲಿಲ್ಲ.
ಮೇಜಿನ ಕಾಲು ದಾಟಿ, ಅವಳ ಒದ್ದೆ ಬೂಟು ದಾಟಿ,
ಚಾಪೆಯಂಚಿಗೆ ಒಮ್ಮೆ ಯೋಚಿಸಿ,
ಕೊಬ್ಬರಿಯ ಸಣ್ಣ ಗೆರೆ ಎಳೆಯುತ್ತಾ
ಫ್ರಿಜ್ಜಿನ ಕೆಳಗೆ ಹೋಗಿಬಿಟ್ಟಿತು.

ಬಗ್ಗಲು ಹೋದವಳನ್ನು ಅವನು ತಡೆದ.
"ಬಿಡಮ್ಮ," ಎಂದ.
"ಗುಂಡಗಿಲ್ಲದ್ದು ಅಷ್ಟು ದೂರ ಹೋಗೋದಿಲ್ಲ."