ಒತ್ತಿ

ಮೊದಲು ಬಂದದ್ದು ಚಿತ್ರವಲ್ಲ, ಚಿತ್ರದ ಬೆನ್ನು.
ರಾಟರ್‌ಡ್ಯಾಮಿನ ಒಂದು ಮ್ಯೂಸಿಯಮ್ಮಿನಿಂದ
ಬೆಟಗೇರಿ ಜರ್ಮನ್ ದವಾಖಾನೆಯ ಹಳೆ ಕಾಗದದ ಕೋಣೆಗೆ,
ಅಲ್ಲಿಂದ ಕಾರಕೂನ ಸ್ಯಾಮುವೆಲ್ ಉಳ್ಳಾಗಡ್ಡಿಯ ಫೋನಿಗೆ,
ಅವನಿಂದ ನನಗೆ:
"ಟೀಚರ್, ಇದು ನಮ್ಮ ಕನ್ನಡಾನ ಏನ್ರಿ?"

ಕಂದು ಹಲಗೆ. ಗೆದ್ದಲು ರುಚಿ ನೋಡಿ ಬಿಟ್ಟ ಮೂಲೆ.
ಬ್ರೆಸ್ಲಾವ್ ಊರಿನ ಚೌಕಟ್ಟಿನ ಅಂಗಡಿಯ ಚೀಟಿ, ಅರ್ಧ.
ಹದ್ದಿನ ಮುದ್ರೆ, ಅದರ ಉಗುರಿನ ಕೆಳಗೆ
ತೆರಿಗೆ ಕಚೇರಿಯ ನಂಬರು.
ಮುಂಬೈ ಬಂದರಿನ ನೇರಳೆ ಶಾಯಿ.
ಎಲ್ಲಕ್ಕೂ ಕೆಳಗೆ ಪೆನ್ಸಿಲ್ಲಿನ ಒಂದು ಗೀಚು.
ಬರ್ಲಿನ್ನಿನವರು ತೆಲುಗು ಅಂದರಂತೆ.
ವಾಷಿಂಗ್ಟನ್ನಿನವರು ಸಿಂಹಳ.
"ಅರ್ಥವಿಲ್ಲದ ಗುರುತು" ಎಂದು ಹಿಂದೆ ಯಾರೋ ಷರಾ ಬರೆದು
ಐವತ್ತು ವರ್ಷ ಗೋಡೆಯ ಕಡೆ ತಿರುಗಿಸಿಟ್ಟಿದ್ದರು.

ನನಗೆ ಕನ್ನಡಕ ಕೂಡ ಬೇಕಾಗಲಿಲ್ಲ.
ಒತ್ತಿ. ಫ. ಅಸುಂಡಿ. ರೂ. ೨೪೦. ತಾ. ೨೯-೮-೩೯.
ಆ ಫಕಾರದ ಹೊಟ್ಟೆ ಸೀಳುವ ಗೀರು ನನಗೆ ಗೊತ್ತು.
ಪಾಟಿಯ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದ್ದು ಅದೇ ಗೀರು.
ಫಕೀರಪ್ಪ ಅಸುಂಡಿ, ನೂಲಿನ ವ್ಯಾಪಾರಿ,
ನಮ್ಮ ಮುತ್ಯಾ.

ಗುರುವಾರ ಸಂಜೆ ಪರದೆಯ ಮೇಲೆ ನಾಲ್ಕು ಕಿಟಕಿ.
ವಾಷಿಂಗ್ಟನ್ನಿಗೆ ಈಗಷ್ಟೇ ಬೆಳಗಾಗಿತ್ತು.
ಪಕ್ಕದ ಮನೆಯ ಮಗ್ಗದ ಸದ್ದಿಗೆ
ಯಾರೋ ಬಾಗಿಲು ಬಡಿದರೆಂದು ರಾಟರ್‌ಡ್ಯಾಮು ತಿರುಗಿ ನೋಡಿತು.
ಬರ್ಲಿನ್ನಿನ ಆಂಕೆ ಕೇಳಿದಳು,
ಅಕ್ಷರದ ಬುಡಕ್ಕೆ ಜೋತುಬಿದ್ದಿದೆಯಲ್ಲ, ಅದೇನು?
ಒತ್ತಕ್ಷರ, ಅಂದೆ. ಅದು ಬಿದ್ದರೆ ಶಬ್ದವೇ ಬಿದ್ದುಹೋಗುತ್ತದೆ.
ಶಬ್ದ ಏನು ಹೇಳುತ್ತದೆ?
ಮಾರಿದ್ದಲ್ಲ ಅನ್ನುತ್ತದೆ.
ಇಟ್ಟದ್ದು. ಇಟ್ಟವಳು ಬಂದು ಬಿಡಿಸಿಕೊಳ್ಳುವ ತನಕ ಅವಳದೇ.
ಸ್ವಲ್ಪ ಹೊತ್ತು ನಾಲ್ಕೂ ದೇಶಗಳಲ್ಲಿ
ಮಗ್ಗ ಒಂದೇ ಮಾತಾಡಿತು.

ನಮ್ಮ ಮನೆಯ ಕಥೆ ಬೇರೆ ಇತ್ತು.
"ಡಾಕ್ಟರಬಾಯಿ ಖುಷೀಲೆ ಕೊಟ್ಟು ಹೋಗ್ಯಾಳ."
ಲೋಟೆ ಗ್ರೂನ್‌ವಾಲ್ಡ್. ಓಣಿಯ ಬಾಯಲ್ಲಿ ಲೋಟಾಬಾಯಿ.
ಅಕ್ಕನ ಹಡಗಿನ ಟಿಕೀಟಿಗೆ ಹಣ ಬೇಕಾಗಿತ್ತು.
ಟಿಕೀಟು ಹೋಗುವಷ್ಟರಲ್ಲಿ ಯುದ್ಧ ಬಂತು,
ಅದರ ಹಿಂದೆ ಪೊಲೀಸರು ಬಂದರು.
ಅಲ್ಲಿ ಯಹೂದಿಯೆಂದು ಹೊರಬಿದ್ದವಳು
ಇಲ್ಲಿ ಜರ್ಮನಳೆಂದು ಒಳಗಾದಳು.
ಅಕ್ಕ ಬರಲೇ ಇಲ್ಲ.

ಅಟ್ಟದ ಪೆಟ್ಟಿಗೆಯಲ್ಲಿ ಖಾತೆವಹಿ ಸಿಕ್ಕಿತು,
ಅಂಚು ಮುಟ್ಟಿದರೆ ಹಪ್ಪಳ.
ಅವಳ ಪುಟದಲ್ಲಿ ತಿಂಗಳು ತಿಂಗಳು ಬಡ್ಡಿ ಜಮಾ:
ಸಾತಾರದ ಶಿಬಿರದಿಂದ, ಆಮೇಲೆ ಪುಣೆಯಿಂದ,
ಎರಡು ರೂಪಾಯಿ ಆರಾಣೆ, ಎರಡು ರೂಪಾಯಿ ಆರಾಣೆ,
ಏಳು ವರ್ಷ, ಒಂದೂ ತಪ್ಪದೆ.
೪೬ರ ಮಾರ್ಚಿಗೆ ಬೇರೆ ಶಾಯಿ:
ಮುಂಬೈ ಪಾರ್ಟಿಗೆ ಮಾರಾಟ, ಸಾವಿರದ ನೂರು.
ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು.
ಏಪ್ರಿಲ್: ಬಡ್ಡಿ ಜಮಾ. ಮೇ: ಬಡ್ಡಿ ಜಮಾ.

ತಮ್ಮ ಈರಸಂಗಪ್ಪ ಅಂದ: "ಒತ್ತಿ ಅಂತ ಓದಿ ಕೊಟ್ಟಿ, ಮುಗೀತು.
ಸತ್ತವರ ಮಾನ ಯಾಕ ಕಳೀತಿ?"
ಮೂರು ದಿನ ವಹಿ ದಿಂಬಿನ ಪಕ್ಕ ಇತ್ತು.
ಮುತ್ಯಾನ ಫೋಟೋಕ್ಕೆ ಅಷ್ಟೂ ದಿನ ಹೂ ಏರಿಸಿದೆ,
ಅದನ್ನೂ ಹೇಳಬೇಕು.
ನಾಲ್ಕನೆಯ ದಿನ ಕಿಟಕಿಯ ಬೆಳಕಿಗೆ ಪುಟ ಹಿಡಿದು
ಫೋಟೋ ತೆಗೆದು ಕಳಿಸಿದೆ.

ಆಂಕೆಯ ಉತ್ತರದಲ್ಲಿ ತೀರ್ಪಿರಲಿಲ್ಲ, ಸಮಾಧಾನವೂ ಇರಲಿಲ್ಲ.
"ತಲುಪಿತು. ದಯವಿಟ್ಟು ಪುಟದ ಹಿಂಬದಿಯನ್ನೂ."
ತಿರುವಿದೆ.
ಡಾಕ್ಟರಬಾಯಿಗೆ, ಗಂಗವ್ವನ ಹೆರಿಗೆ ಬಾಬ್ತು,
ರೂ. ೧೫. ಕೊಡುವುದು ಬಾಕಿ.

ಆ ಗಂಗವ್ವ ನಮ್ಮ ಸೋದರತ್ತಿ, ಎಂಬತ್ತಾರು ದಾಟಿದವಳು,
ಒಳಕೋಣೆಯ ಹಾಸಿಗೆಯಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.
ಸಣ್ಣಾಕಿದ್ದಾಗ ಪಡಸಾಲೆಯ ಗೋಡೆಯಲ್ಲಿ
ನೇರಳೆಹಣ್ಣಿನ ಬಟ್ಟಲು ಇತ್ತಂತೆ
(ಅವು ಪ್ಲಮ್ ಅಂತೆ, ಈಗ ಗೊತ್ತಾಯಿತು),
ಹಣ್ಣಿನ ಮೇಲೆ ಕೂತ ನೊಣ ಓಡಿಸಲು ಹೋಗಿ
ಮುತ್ಯಾನ ಕೈಲಿ ಏಟು ತಿಂದಿದ್ದಳಂತೆ.
"ಕೇಳ ಅವರನ್ನ," ಅಂದಳು,
"ಆ ನೊಣ ಇನ್ನೂ ಅಲ್ಲೇ ಐತೇನು?"