ಹನ್ನೊಂದು ವರ್ಷದ ನೆಗಡಿ

ಎಲಿಯೊದೊರೊ, ನಿನಗೆ ನೆಗಡಿಯಾಗಿ ಹನ್ನೊಂದು ವರ್ಷ.
ಹಗಲು ವಾಲ್ಪರೈಸೊದ ಗುಡ್ಡಕ್ಕೆ ಜನರನ್ನು ಎಳೆಯುತ್ತೀಯೆ
ಹಳೇ ಲಿಫ್ಟಿನ ಚಕ್ರ ತಿರುಗಿಸಿ,
ರಾತ್ರಿ ಹಲ್ಲಿನ ಗಿರಣಿ ಬೀಸುತ್ತೀಯೆ.
ಪಕ್ಕದಲ್ಲಿ ಮಲಗಿ ಲೆಕ್ಕ ಹಾಕುತ್ತೇನೆ:
ಎಷ್ಟು ಸೇರು ಹಿಟ್ಟಾಯಿತು ಇವತ್ತು?

ಉಪ್ಪುನೀರು ಸುರಿದೆವು ಮೂಗಿಗೆ,
ಕಂಬಳಿ ಹೊದ್ದು ನೀಲಗಿರಿ ಎಲೆಯ ಹಬೆ ಹಿಡಿದೆವು,
ಸ್ಪ್ರೇ ಬಾಟಲಿಗಳು ಕಿಟಕಿಯಲ್ಲಿ ನಿಂತವು
ಸರದಿ ಕಾಯುವ ಹಡಗುಗಳಂತೆ.
ಆಸ್ಪತ್ರೆಯವರು ತಲೆಯ ಫೋಟೊ ತೆಗೆದು
ಬೆಳಕಿಗೆ ಹಿಡಿದು ಹೇಳಿದರು:
ಕೋಣೆಗಳೆಲ್ಲ ಖಾಲಿ, ಗುಡಿಸಿಟ್ಟ ಹಾಗಿವೆ.
ನೀನು ರೇಗಿದೆ: ಹಾಗಾದರೆ ಬಾಗಿಲು ಒತ್ತಿ ಹಿಡಿದವರಾರು?

ಕೊನೆಗೆ ಆ ಹುಡುಗಿ, ನವೆಲ್‌ಪಾನ್,
ಬಂದರಿನ ಹಮಾಲರ ಸೊಂಟ ನೀವುವಾಕೆ,
ನಿನ್ನ ಮೂಗು ನೋಡಲೇ ಇಲ್ಲ.
"ಬಾಯಿ ಬಿಡಿ" ಅಂದಳು.
ಮೂರು ಬೆರಳು ಹಿಡಿಸಬೇಕಾದ ಕಡೆ
ಒಂದೂವರೆ ಹಿಡಿಸಿತು.
ಗ್ಲೌಸು ತೊಟ್ಟ ಕಿರುಬೆರಳು ಕೆನ್ನೆಯೊಳಗೆ,
ಮೇಲ್ದವಡೆಯ ಕೊನೇ ಹಲ್ಲಿನಾಚೆ,
ಯಾರೂ ಮುಟ್ಟದ ಮೂಲೆಗೆ.
ನೀನು ಕಿರುಚಲಿಲ್ಲ. ಕಣ್ಣಲ್ಲಿ ಮಾತ್ರ ನೀರು.

"ಎಲ್ಲರಿಗೂ ಹೀಗೇ ಅಂತಲ್ಲ. ಕೆಲವರಲ್ಲಿ
ಬಿಗಿದ ದವಡೆಯೇ ಕಟ್ಟಿದ ಮೂಗಿನ ವೇಷ ಹಾಕುತ್ತದೆ.
ಏನು ಕಚ್ಚಿ ಹಿಡಿದಿದ್ದೀರಿ?"

ನೀನು ಭುಜ ಹಾರಿಸಿದೆ. ನನಗೆ ಗೊತ್ತಿತ್ತು.
ಆ ವರ್ಷ ಹಗ್ಗ ಜಾರಿ ಪೆಟ್ಟಿಗೆ ಕೆಳಗೆ ನುಗ್ಗಿದಾಗ
ವಿಚಾರಣೆಯ ಮೇಜಿನೆದುರು ಕೂರಿಸಿ ಕೇಳಿದ್ದರು,
ಬ್ರೇಕು ಯಾರ ಕೈಯಲ್ಲಿತ್ತು?
ನೀನು ಬಾಯಿ ಬಿಡಲಿಲ್ಲ.
ಅಬೆಲಿನೊನ ಕೆಲಸ ಉಳಿಯಿತು. ಅಥವಾ ನಿನ್ನದೇ?
ನಾನು ಕೇಳಿಲ್ಲ. ನನ್ನ ಹಲ್ಲೂ ಚೂರು ಸವೆದಿದೆ.

ಒಂದು ಪೆಟ್ಟಿಗೆ ಇಳಿದರೆ ಇನ್ನೊಂದು ಏರುತ್ತದೆ,
ನಡುವೆ ಒಂದೇ ಹಗ್ಗ.
ನಿನಗೆ ಇದನ್ನು ಬೇರೆಯವರು ಹೇಳಬೇಕಾಯಿತಲ್ಲ!

ಮನೆಗೆ ಬರುವಾಗ, ಮೀನುಪೇಟೆಯ ತಿರುವಿನಲ್ಲಿ
ನಿನ್ನ ಎಡಹೊಳ್ಳೆ ಸಣ್ಣಗೆ ಸಿಳ್ಳೆ ಹಾಕಿತು.
ನಿಂತುಬಿಟ್ಟೆ ನೀನು. "ಡೀಸೆಲ್" ಅಂದೆ.
ಸ್ವಲ್ಪ ಹೊತ್ತು ಬಿಟ್ಟು, "ಕಡಲು."
ಆಮೇಲೆ ನನ್ನ ಕತ್ತಿನ ಹತ್ತಿರ ಬಗ್ಗಿ
"ಸೋಪು ಬದಲಾಯಿಸಿದ್ದೀಯಾ?"

ಆರು ವರ್ಷವಾಯಿತು, ಎಲಿಯೊದೊರೊ.

ಸಂಜೆಗೆ ಮತ್ತೆ ಕಟ್ಟಿತು.
ರಾತ್ರಿ ಗಿರಣಿ ಶುರುವಾಯಿತು, ನಿಧಾನವಾಗಿ.
ನಾನು ಕತ್ತಲಲ್ಲಿ ಕೈಚಾಚಿ
ನಿನ್ನ ಕೆನ್ನೆಯ ಗಂಟಿನ ಮೇಲೆ ಹೆಬ್ಬೆರಳಿಟ್ಟೆ.
ಒತ್ತಲಿಲ್ಲ. ಇಟ್ಟೆ, ಅಷ್ಟೆ.